ಹತ್ತು ಹೆಜ್ಜೆಯ ಸಾಹೇಬರು

ಊರಿನಲ್ಲಿ ಅವರನ್ನು ಎಲ್ಲರೂ ಸೀಟಿ ಸಾಹೇಬರು ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಫುಟ್‌ಬಾಲ್ ಲೀಗಿನಲ್ಲಿ ರೆಫರಿಯಾಗಿದ್ದವರು. ಊದಿದ ಸೀಟಿಯನ್ನು ಒಮ್ಮೆಯೂ ವಾಪಸು ನುಂಗಿದವರಲ್ಲ. ತೀರ್ಪು ಸರಿಯಿತ್ತೋ ತಪ್ಪಿತ್ತೋ ಅದು ಬೇರೆ ಮಾತು. ಕೊಟ್ಟ ಮೇಲೆ ಕೊಟ್ಟಿದ್ದೇ. "ಒಂದು ಸಲ ಬದಲಾಯಿಸಿದ್ರೆ ಇಪ್ಪತ್ತೆರಡು ಆಟಗಾರರೂ ವಕೀಲರಾಗ್ತಾರೆ" ಎನ್ನುತ್ತಿದ್ದರು. ಮದುವೆಯ ಹೊಸದರಲ್ಲಿ ಈ ಕಾನೂನನ್ನು ಮನೆಯಲ್ಲೂ ಜಾರಿಗೆ ತರಲು ಹೋಗಿ, ಮೊದಲ ವಾರವೇ ಮೈದಾನ ಬಿಟ್ಟುಕೊಟ್ಟರಂತೆ. ಇದನ್ನು ಈಗ ಅವರೇ ಹೇಳಿಕೊಂಡು ನಗುತ್ತಾರೆ. ಆದರೆ ಹಾಗೆ ನಗುವುದನ್ನು ಕಲಿತದ್ದು ತೀರಾ ತಡವಾಗಿ, ಅದೂ ಒಂದು ದಿನಸಿ ಅಂಗಡಿಯ ಮುಂದೆ.

ಆ ವರ್ಷ ಸಾಂಕ್ರಾಮಿಕ ಜ್ವರ ಬಂತು. ಮೊದಲು ಪತ್ರಿಕೆಯ ಒಳಪುಟಕ್ಕೆ, ಆಮೇಲೆ ಮುಖಪುಟಕ್ಕೆ, ಕೊನೆಗೆ ಪಕ್ಕದ ಬೀದಿಗೆ. ಲೀಗ್ ನಿಂತಿತು. ಅಲ್ಲಿಯವರೆಗೆ ಸಾಹೇಬರ ಲೆಕ್ಕದಲ್ಲಿ ಆಟವೆಂದರೆ ತೊಂಬತ್ತು ನಿಮಿಷ, ಒಂದು ಚೆಂಡು ಮತ್ತು ತಾವು. ಆ ಚೆಂಡಿನ ಹಿಂದೆ ಇನ್ನೂ ಎಷ್ಟು ಜನ ಓಡುತ್ತಿದ್ದರು ಎಂಬುದು ಅದು ನಿಂತ ಮೇಲೆಯೇ ಕಂಡದ್ದು. ಮೈದಾನದ ಗೇಟಿನ ಚಹಾದವನು ಹಂಡೆ ಬೋರಲು ಹಾಕಿದ. ಸೈಕಲ್ ಸ್ಟ್ಯಾಂಡಿನವನು ತನ್ನದೇ ಸೈಕಲನ್ನು ಕಾಯುತ್ತ ಕೂತ. ಟ್ರೋಫಿ ಅಂಗಡಿಯವನು ಕಪ್ಪುಗಳಿಗೆ ಮಣ್ಣು ತುಂಬಿ, ಹೂವಿನ ಗಿಡ ನೆಟ್ಟು ಮಾರತೊಡಗಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಸಾಹೇಬರಿಗೆ ಗೊತ್ತಿತ್ತು; ಎಮ್ಮೆ ತಾವೇ ಎಂಬುದು ಮಾತ್ರ ಹೊಸದು.

ಮನೆ ನಡೆದದ್ದು ಹೆಂಡತಿಯ ಹೊಲಿಗೆ ಯಂತ್ರದ ಮೇಲೆ. ಲೀಗಿನ ನಾಲ್ಕೂ ತಂಡಗಳ ಜೆರ್ಸಿ ಹೊಲಿಯುವುದು ಆಕೆಯೇ. ಆ ವರ್ಷದ ಅರವತ್ತು ಜೆರ್ಸಿಗಳು ಹೊಲಿದು ಮಡಿಚಿಟ್ಟಲ್ಲೇ ಉಳಿದವು. ಆಕೆ ಎರಡು ದಿನ ಅವನ್ನು ನೋಡಿದಳು, ಮೂರನೆಯ ದಿನ ಕತ್ತರಿ ಹಾಕಿ ಮಾಸ್ಕ್ ಮಾಡಿಬಿಟ್ಟಳು. ಬೆನ್ನ ಮೇಲಿರಬೇಕಾದ ನಂಬರುಗಳು ಮೂತಿಯ ಮೇಲೆ ಬಂದವು. ವಾರ ಕಳೆಯುವುದರಲ್ಲಿ ಬೀದಿಯ ತುಂಬ ಏಳನೇ ನಂಬರಿನ ಅಜ್ಜಂದಿರು, ಹತ್ತನೇ ನಂಬರಿನ ಅಜ್ಜಿಯರು.

"ನೀವೂ ಏನಾದ್ರೂ ಮಾಡ್ರೀ" ಎಂದಳು ಹೆಂಡತಿ. "ಮನೇಲಿ ಕೂತು ಬೆಕ್ಕಿಗೆ ಆಫ್‌ಸೈಡ್ ಕೊಡೋದು ಸಾಕು."

ಕೆಲಸವೇನೋ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಹೆಂಡತಿಯ ತಮ್ಮನಿಗೆ ಬೀದಿಯ ತಿರುವಿನಲ್ಲಿ ಒಂದು ಸಣ್ಣ ದಿನಸಿ ಅಂಗಡಿ. ಹದಿನಾರು ವರ್ಷದ ಹಿಂದೆ ಅವನೂ ಆಟಗಾರ. ಫೈನಲ್ ಪಂದ್ಯದಲ್ಲಿ, ಊರೆಲ್ಲ ನೋಡುತ್ತಿರುವಾಗ, ಎದುರಾಳಿಯನ್ನು ಕಾಲು ಕೊಟ್ಟು ಬೀಳಿಸಿದನೆಂದು ಸಾಹೇಬರು ಅವನಿಗೆ ಕೆಂಪು ಕಾರ್ಡ್ ತೋರಿಸಿ ಹೊರಗೆ ಕಳಿಸಿದ್ದರು. ಸ್ವಂತ ಭಾವಮೈದನನ್ನೇ ಬಿಡದ ಮನುಷ್ಯ ಎಂದು ಆವತ್ತು ಸಿಕ್ಕಿದ ಕೀರ್ತಿಯಲ್ಲಿ ಸಾಹೇಬರು ಇಂದಿಗೂ ಚಳಿ ಕಾಯಿಸಿಕೊಳ್ಳುತ್ತಿದ್ದರು.

"ಬನ್ನಿ ಭಾವ, ನನ್ನ ಅಂಗಡೀಲೇ ಇರಿ" ಎಂದ ಭಾವಮೈದ. "ಒಂದೇ ಮಾತು. ಆ ಕಾರ್ಡು ತಪ್ಪಾಯ್ತು ಅಂದ್ಬಿಡಿ. ಯಾರಿಗೂ ಹೇಳಲ್ಲ."

"ಹಸ್ಕೊಂಡಾದ್ರೂ ಇರ್ತೀನಿ, ತೀರ್ಪು ಬದಲಾಯಿಸಲ್ಲ" ಎಂದು ಸಾಹೇಬರು ಎದ್ದು ಬಂದರು. ಹಸಿದುಕೊಂಡು ಇರಬೇಕಾದವರಲ್ಲಿ ತಾನೂ ಒಬ್ಬಳೆಂದು ಹೆಂಡತಿ ನೆನಪಿಸಿದ ಮೇಲೆ, ಅದೇ ಬೀದಿಯ ಈ ತುದಿಯಲ್ಲಿದ್ದ ದೊಡ್ಡಂಗಡಿಗೆ ಹೋದರು. ಅಲ್ಲಿ ಗಿರಾಕಿಗಳು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಆರಡಿ ಅಂತರ ಇಲ್ಲದಿದ್ದರೆ ಬಾಗಿಲು ಹಾಕಿಸುತ್ತೇವೆಂದು ಮೇಲಿನವರು ನೋಟಿಸು ಅಂಟಿಸಿ ಹೋಗಿದ್ದರು.

"ಒಂದು ವಾರ ನೋಡೋಣ" ಎಂದರು ದೊಡ್ಡಂಗಡಿಯ ಯಜಮಾನರು. "ಸಾಲು ಸರಿಯಾಗಿ ನಡೆದ್ರೆ ಜ್ವರ ಮುಗಿಯೋವರೆಗೂ ಕೆಲಸ ನಿಮ್ದೇ. ಆದ್ರೆ ಸಾಹೇಬ್ರೇ, ಆ ತಿರುವಿನ ಅಂಗಡಿಯವನು ನಿಮ್ಮ ಹೆಂಡ್ತಿ ತಮ್ಮ ಅಲ್ವಾ?"

"ಅವನಿಗೆ ರೆಡ್ ಕಾರ್ಡ್ ಕೊಟ್ಟಿರೋನು ನಾನು" ಎಂದರು ಸಾಹೇಬರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಅವರ ಬಳಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಮೈದಾನದಿಂದ ಗೆರೆ ಎಳೆಯುವ ಸುಣ್ಣದ ಗಾಡಿ ತಂದರು. ಕಪ್ಪು ಅಂಗಿ, ಕಪ್ಪು ಚಡ್ಡಿ, ಮೊಣಕಾಲಿನವರೆಗೆ ಸಾಕ್ಸು. ಎದೆಯ ಜೇಬಿನಲ್ಲಿ ಹಳದಿ, ಹಿಂದಿನ ಜೇಬಿನಲ್ಲಿ ಕೆಂಪು. ಮಾಸ್ಕ್ ಮೇಲೆ ಸೀಟಿ ಊದಲಾಗದು ಎಂಬುದಷ್ಟೇ ಕೊರತೆ. ಅದನ್ನು ಸುಮ್ಮನೆ ಕೊರಳಿಗೆ ಹಾಕಿಕೊಂಡರು. ಅಂಗಡಿಯ ಬಾಗಿಲಿಂದ ಹೆಜ್ಜೆ ಹಾಕಿ, ನಿಂತು, ಗಿರಾಕಿ ನಿಲ್ಲಲು ಸುಣ್ಣದಲ್ಲಿ ಒಂದು ಗುಂಡು ಬರೆದರು. ಮತ್ತೆ ಹೆಜ್ಜೆ, ಮತ್ತೆ ಗುಂಡು. ಅಂತೂ ಹನ್ನೆರಡು ಗುಂಡುಗಳು, ಕಂಪಾಸ್ ಇಟ್ಟು ಎಳೆದಂತೆ. ಬೀದಿ ಎಂದೂ ಅಷ್ಟು ಚೆನ್ನಾಗಿ ಕಂಡಿರಲಿಲ್ಲ.

ಸಾಲೂ ನಡೆಯಿತು, ಶಿಸ್ತಾಗಿ. ಗೆರೆ ದಾಟಿದವರಿಗೆ ಹಳದಿ. ಮಾಸ್ಕಿನ ನಂಬರು ನೋಡಿ ಪುಸ್ತಕದಲ್ಲಿ ದಾಖಲೆ. ಎರಡು ಹಳದಿಯಾದರೆ ಕೆಂಪು, ಸಾಲಿನಿಂದ ಹೊರಗೆ. ಎರಡನೆಯ ದಿನ ನಿವೃತ್ತ ಟೀಚರಮ್ಮನೊಬ್ಬರಿಗೆ ಕೆಂಪು ಬಂತು.

"ನಂಗ್ಯಾಕೋ ಕೆಂಪು? ನಾನು ಇವತ್ತೇ ಬರ್ತಿರೋದು!"

"ಹತ್ತನೇ ನಂಬರಿಗೆ ನಿನ್ನೆ ಒಂದು ಹಳದಿ ಆಗಿದೆ ಟೀಚರ್."

"ನಾಲ್ಕು ತಂಡಕ್ಕೂ ಒಂದೊಂದು ಹತ್ತನೇ ನಂಬರ್ ಇರುತ್ತಲ್ಲೋ ಮಂಕೇ! ನಿನ್ನೆಯೋಳು ಯಾರೋ, ಇವತ್ತು ಯಾರೋ. ಆವಾಗ್ಲೂ ಲೆಕ್ಕ ಬರ್ತಿರ್ಲಿಲ್ಲ ನಿಂಗೆ!"

ಟೀಚರಮ್ಮ ಹೇಳಿದ್ದು ಸರಿ ಎಂದು ಸಾಹೇಬರಿಗೆ ಆ ಕ್ಷಣವೇ ಹೊಳೆಯಿತು. ಆದರೆ ಕಾರ್ಡು ಮೇಲೆತ್ತಿದ ಕೈಯನ್ನು ಇಳಿಸುವ ಅಭ್ಯಾಸವೇ ಇರಲಿಲ್ಲವಲ್ಲ! ಟೀಚರಮ್ಮ ಚೀಲ ಕೊಡವಿಕೊಂಡು, ಸಾಲಿನುದ್ದಕ್ಕೂ ಸಾಹೇಬರ ಆರನೇ ತರಗತಿಯ ಅಂಕಗಳನ್ನು ಘೋಷಿಸುತ್ತ, ತಿರುವಿನ ಕಡೆ ನಡೆದುಹೋದರು.

ಸಾಹೇಬರಿಗೆ ಒಂದು ಸಮಾಧಾನವಿತ್ತು. ದಿನೇ ದಿನೇ ಸಾಲು ಬೇಗ ಬೇಗ ಕರಗುತ್ತಿತ್ತು. ಮೊದಲ ದಿನ ಮಧ್ಯಾಹ್ನದವರೆಗೂ ಜನ, ಎರಡನೆಯ ದಿನ ಹನ್ನೊಂದಕ್ಕೇ ಖಾಲಿ. ನಾಲ್ಕನೆಯ ದಿನ ಹಿಂದಿನ ಗುಂಡುಗಳಲ್ಲಿ ನಿಂತವರು ಕಣ್ಣು ಮಿಟುಕಿಸುವುದರಲ್ಲಿ ಮಾಯ. ಇದು ತಮ್ಮ ದಕ್ಷತೆ ಎಂದುಕೊಂಡು ಸಾಹೇಬರು ಸಾಕ್ಸು ಮೇಲೆಳೆದುಕೊಂಡರು.

ಐದನೆಯ ದಿನ ಸಂಜೆ ಭಾವಮೈದ ಒಂದು ದೊಡ್ಡ ಬಿಸ್ಕತ್ತಿನ ಡಬ್ಬಿ ಹಿಡಿದು ನೇರವಾಗಿ ದೊಡ್ಡಂಗಡಿಯ ಮುಂದೆಯೇ ಬಂದ.

"ತಗೊಳ್ಳಿ ಭಾವ. ನಿಮ್ಮ ಋಣ ಹೇಗೆ ತೀರಿಸ್ಲಿ? ನನ್ನ ಅಂಗಡಿ ಶುರುವಾದಾಗಿಂದ ಇಂಥ ವಾರ ಕಂಡಿಲ್ಲ. ಹಿಟ್ಟು ಖಾಲಿ, ಎಣ್ಣೆ ಖಾಲಿ, ಸೋಪೂ ಖಾಲಿ!"

ಯಜಮಾನರು ಗಲ್ಲಾ ಬಿಟ್ಟು ಹೊರಗೆ ಬಂದರು. ಡಬ್ಬಿ ನೋಡಿದರು. ಬೀದಿಯುದ್ದಕ್ಕೂ ಕಣ್ಣು ಹಾಯಿಸಿದರು. ಹನ್ನೊಂದನೆಯ ಗುಂಡು ಸರಿಯಾಗಿ ಭಾವಮೈದನ ಅಂಗಡಿಯ ಮೆಟ್ಟಿಲ ಮುಂದಿತ್ತು. ಹನ್ನೆರಡನೆಯದು ಅವನ ಕಿಟಕಿಯ ಕೆಳಗೆ.

"ಗೊತ್ತಾಯ್ತು ಬಿಡಿ" ಎಂದರು ಯಜಮಾನರು. ದನಿ ಏರಿಸಲಿಲ್ಲ, ಅದೇ ಹೆಚ್ಚು ಚುಚ್ಚಿತು. "ನನ್ನ ಬಾಗಿಲಿಂದ ಅವನ ಬಾಗಿಲಿಗೆ ದಾರಿ ಬರೆದಿದ್ದೀರಿ. ನಾನು ಸಂಬಳ ಕೊಟ್ಟು ಗಿರಾಕೀನ ಅವನಿಗೆ ಕಳಿಸ್ತಿದೀನಿ. ಹೆಂಡ್ತಿ ಕಡೆ ಸಂಬಂಧ ಅಲ್ವಾ, ಎಳೆಯುತ್ತೆ. ನಾಳೆ ಬಂದು ಗಾಡಿ ತಗೊಂಡೋಗಿ."

ಸಾಹೇಬರಿಗೆ ಕಾಲ ಕೆಳಗಿನ ಸುಣ್ಣವೇ ಕುಸಿದಂತಾಯಿತು. ಕುರುಡ ಎಂದು ಬೈಸಿಕೊಂಡಿದ್ದರು, ಕತ್ತೆ ಎಂದೂ ಬೈಸಿಕೊಂಡಿದ್ದರು; ಚಪ್ಪಲಿಯೂ ಒಮ್ಮೆ ಬಂದು ಬಿದ್ದಿತ್ತು, ಒಂದೇ ಕಾಲಿನದು. ಆದರೆ ಪಕ್ಷಪಾತಿ ಎಂದು ಯಾರೂ ಅಂದಿರಲಿಲ್ಲ. ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ಈ ಹೆಸರು ಹೋದರೆ, ಆಟ ಮತ್ತೆ ಶುರುವಾದಾಗ ಅವರ ಸೀಟಿಗೆ ಯಾರು ನಿಲ್ಲುತ್ತಾರೆ?

ಮನೆಗೆ ಬಂದು ಕೂಗಾಡಿದರು. "ಆರಡಿ ಅಂದ್ರು, ಆರಡಿ ಬರೆದೆ! ನಾನೇ ಅಳೆದಿದ್ದು!"

ಹೆಂಡತಿ ಯಂತ್ರ ನಿಲ್ಲಿಸಿ, ಕೊರಳಲ್ಲಿದ್ದ ಟೇಪನ್ನು ಕೈಗೆ ತೆಗೆದುಕೊಂಡಳು. "ಯಾವುದ್ರಲ್ಲಿ ಅಳೆದ್ರಿ?"

"ಟೇಪ್ ಯಾಕೆ? ಈ ಕಾಲೇ ಟೇಪು."

"ಹಾಗಾದ್ರೆ ಇಲ್ಲಿ ಅಳೀರಿ. ಅಡುಗೆಮನೆ ಬಾಗಿಲಿಂದ. ಆವತ್ತು ಹೆಂಗೆ ನಡೆದ್ರೋ ಹಂಗೇ."

ಸಾಹೇಬರು ಎದೆ ಸೆಟೆಸಿ, ಕಣ್ಣು ನೇರ ಇಟ್ಟು, ಹೊರಟರು. ಹೊಲಿಗೆ ಯಂತ್ರ ದಾಟಿದರು. ಮೇಜು ದಾಟಿದರು. ಬೆಕ್ಕು ಪಕ್ಕಕ್ಕೆ ಸರಿಯಿತು. ಆರನೆಯ ಹೆಜ್ಜೆಗೆ ಮುಂಬಾಗಿಲು ಬಂತು. ಹೆಂಡತಿ ಮುಂದೆ ಹೋಗಿ ಅದನ್ನು ತೆರೆದು ಹಿಡಿದಳು. ಹೊಸ್ತಿಲು, ಜಗುಲಿ, ಮೆಟ್ಟಿಲು. ಹತ್ತನೆಯ ಹೆಜ್ಜೆಗೆ ಸಾಹೇಬರು ಗಕ್ಕನೆ ನಿಂತು, ಗುಂಡು ಬರೆಯಲು ಬಗ್ಗಿ ನೋಡುತ್ತಾರೆ: ನಡುಬೀದಿ!

ಹೆಂಡತಿ ಹೊಸ್ತಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಆರಡಿ ಅಂತೆ! ನಮ್ಮನೇನೇ ಅಷ್ಟು ಉದ್ದ ಇಲ್ಲ ಕಣ್ರೀ!"

ಫ್ರೀ ಕಿಕ್ ಸಿಕ್ಕಿದಾಗ ಎದುರು ತಂಡದವರು ಚೆಂಡಿನಿಂದ ಹತ್ತು ಗಜ, ಅಂದರೆ ಮೂವತ್ತಡಿ, ದೂರ ನಿಲ್ಲಬೇಕು. ಆ ಹತ್ತು ಗಜವನ್ನು ರೆಫರಿ ತನ್ನ ಹೆಜ್ಜೆಯಲ್ಲೇ ಅಳೆದು ತೋರಿಸುತ್ತಾನೆ. ಇಪ್ಪತ್ತೆರಡು ವರ್ಷ ಅದನ್ನೇ ಅಳೆದ ಕಾಲಿಗೆ, ಜನರನ್ನು ದೂರ ನಿಲ್ಲಿಸು ಎಂದರೆ ಬೇರೆ ಅಳತೆಯೇ ಗೊತ್ತಿರಲಿಲ್ಲ. ಆರಡಿ ಎಂದು ಓದಿದ್ದು ಕಣ್ಣು, ನಡೆದದ್ದು ಕಾಲು. ನಡುವೆ ಇರಬೇಕಾದ ತಲೆ ಆವತ್ತು ಸಾಕ್ಸು ಸರಿಮಾಡಿಕೊಳ್ಳುತ್ತಿತ್ತು. ಇದು ಸಾಹೇಬರದೇ ಮಾತು.

"ಕಾಲಿನ ಅಭ್ಯಾಸ ಅಂತ ಯಜಮಾನರಿಗೆ ನೀನೇ ಹೋಗಿ ಹೇಳ್ತೀಯಾ?" ಎಂದರು ಮೆಲ್ಲಗೆ.

"ಕಾಲು ನಿಮ್ಮದು" ಎಂದು ಹೆಂಡತಿ ಟೇಪನ್ನು ಅವರ ಕೊರಳಿಗೆ ಹಾಕಿದಳು.

ಬೆಳಿಗ್ಗೆ ಹನ್ನೆರಡು ಗುಂಡುಗಳೂ ತುಂಬಿದ್ದವು. ಸಾಹೇಬರು ಎಲ್ಲರಿಂದ ದೂರ, ಬೀದಿಯ ಆಚೆ ಬದಿಗೆ ಹೋಗಿ, ಮಾಸ್ಕ್ ಇಳಿಸಿ ಸೀಟಿ ಊದಿದರು. ಮೂರು ತಿಂಗಳ ಮೇಲೆ ಕೇಳಿದ ಆ ಸದ್ದಿಗೆ ಸಾಲಿಗೆ ಸಾಲೇ ಬೆಚ್ಚಿತು. ಯಜಮಾನರು ಬಾಗಿಲಿಗೆ ಬಂದರು. ತಿರುವಿನಲ್ಲಿ ಭಾವಮೈದ ಮೆಟ್ಟಿಲು ಇಳಿದ.

"ಎಲ್ಲರೂ ಕೇಳಿ" ಎಂದರು ಸಾಹೇಬರು. "ಆರಡಿ ಬರೀಬೇಕಿತ್ತು. ನಾನು ಫ್ರೀ ಕಿಕ್ ಅಳತೆ, ಹತ್ತು ಗಜ ಬರೆದಿದೀನಿ. ಯಾರಿಗೂ ಲಾಭ ಮಾಡ್ಬೇಕು ಅಂತಲ್ಲ. ಜಂಬದಲ್ಲಿ ಟೇಪ್ ಹಿಡೀಲಿಲ್ಲ, ಅಷ್ಟೆ. ತೀರ್ಪು ತಪ್ಪು. ವಾಪಸ್ ತಗೋತಾ ಇದೀನಿ."

ಆಮೇಲೆ ಹಳದಿ ಕಾರ್ಡು ತೆಗೆದು, ಕೈ ಪೂರ್ತಿ ಮೇಲೆತ್ತಿ, ತಮಗೇ ತೋರಿಸಿಕೊಂಡರು.

"ಅದಕ್ಕೆ ಹಳದಿ ಸಾಲಲ್ವೋ!" ಎಂದರು ನಾಲ್ಕನೆಯ ಗುಂಡಿನಿಂದ ಟೀಚರಮ್ಮ.

"ನಿಮ್ಮ ಕೆಂಪೂ ತಪ್ಪೇ ಟೀಚರ್. ಅದೂ ವಾಪಸ್."

ಸಾಲು ನಕ್ಕಿತು. ಯಜಮಾನರು ನಗಲಿಲ್ಲ. ಸಾಹೇಬರ ಮುಖವನ್ನೂ ಕೊರಳಲ್ಲಿದ್ದ ಟೇಪನ್ನೂ ಒಂದು ಗಳಿಗೆ ನೋಡಿದರು. "ಮೋಸ ಮಾಡೋನು ಇಷ್ಟು ಪೆದ್ದಾಗಿ ಮಾಡಲ್ಲ" ಎಂದು ತಮಗೆ ತಾವೇ ಅಂದುಕೊಂಡರು. "ಅಳೀರಿ ಮತ್ತೆ. ಆರಡಿ. ಗಾಡಿ ಇಲ್ಲೇ ಇರ್ಲಿ."

ಸಾಹೇಬರು ಮೊಣಕಾಲೂರಿ ಟೇಪು ಹಿಡಿದು ಗುಂಡು ಬರೆಯುತ್ತಿರುವಾಗ ಭಾವಮೈದ ಹತ್ತಿರ ಬಂದು, ಸರಿಯಾಗಿ ಆರಡಿ ದೂರದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಭಾವ, ಇವತ್ತು ವಾಪಸ್ ತಗೊಳ್ಳೋ ದಿನಾನೇ ಅಲ್ವಾ? ಹದಿನಾರು ವರ್ಷದ ಹಿಂದಿಂದು?"

ಸಾಹೇಬರು ಸುಣ್ಣದ ಕೈಯಲ್ಲೇ ಮೀಸೆ ಸವರಿಕೊಂಡರು. ಮೀಸೆ ಬೆಳ್ಳಗಾಯಿತು.

"ಹಳದಿ ಸಾಕಿತ್ತೇನೋ" ಎಂದರು.

"ಹಳದಿನಾ?" ಭಾವಮೈದ ಎದ್ದೇ ನಿಂತ. "ನಾನು ಅವನನ್ನ ಮುಟ್ಟೇ ಇಲ್ಲ ಭಾವ!"

"ಮುಟ್ಟಿದ್ದೆ ಕಣೋ" ಎಂದಳು ಅವನ ಅಕ್ಕ. ಮಾಸ್ಕಿನ ಗಂಟು ಹೊತ್ತು ಅದೇ ಆಗ ಬಂದಿದ್ದಳು. "ನಾನು ಅವತ್ತು ಮುಂದಿನ ಸಾಲಲ್ಲೇ ಕೂತಿದ್ದೆ. ಪಾಪ, ಆ ಹುಡುಗ ನಾಲ್ಕು ದಿನ ಕುಂಟಿದ."

ಸಾಹೇಬರು ಟೇಪು ಬಿಟ್ಟು ತಲೆಯೆತ್ತಿದರು. "ಇದನ್ನ ಹದಿನಾರು ವರ್ಷ ಯಾಕೆ ಹೇಳ್ಲಿಲ್ಲ ನೀನು?"

"ನೀವು ಸರಿ ಅಂತ ಹೇಳಿ, ಆಮೇಲೆ ಮನೇಲಿ ನಾನು ಬಾಳ್ಬೇಕಲ್ಲ!"