ಪ್ರಬಂಧದೊಳಗಿನ ಅವಳು

ಹುನಗುಂದ ತಾಲೂಕಿನ ಲಿಂಗತ್ವ ಅಲ್ಪಸಂಖ್ಯಾತರ ಬದುಕಿನ ಮೇಲೆ ನಾನು ಪಿಎಚ್.ಡಿ. ಮಾಡುತ್ತಿದ್ದೆ. ಕಮತಗಿಯಲ್ಲಿ ಮಗ್ಗದ ಮೇಲೆ ಇಳಕಲ್ ಸೀರೆ ನೇಯುವ ಒಬ್ಬಾಕೆ ನನ್ನೊಂದಿಗೆ ತಿಂಗಳುಗಟ್ಟಲೆ ಮಾತಾಡಿದ್ದಳು. ಗಂಡಾಗಿ ಬೆಳೆಸಿದ ಮನೆಯವರ ಎದುರೇ ಸೀರೆ ಉಟ್ಟು, ಆ ಮನೆಯಲ್ಲೇ ಉಳಿದು, ತಾಯಿಯನ್ನು ಸಾಕುತ್ತಿದ್ದವಳು. ಪಟ್ಟ ಪಾಡನ್ನೂ ನಗುತ್ತಲೇ ಹೇಳುತ್ತಿದ್ದಳು. ಆಕೆಯ ಕುರಿತ ಅಧ್ಯಾಯವನ್ನು ನಾನೂ ಹಾಗೆಯೇ, ‘ಅವಳು’ ಎಂದೇ ಬರೆದೆ.

ಬಾಗಲಕೋಟೆಯಲ್ಲಿ ನನ್ನ ಮಾರ್ಗದರ್ಶಕರು ಆ ಅಧ್ಯಾಯ ಓದಿ ಮುಖ ಸಿಂಡರಿಸಿದರು.

“ಗಂಡಾಗಿ ಹುಟ್ಟಿದವನನ್ನ ಅವಳು ಅಂತ ಹೆಂಗ ಬರೀತಿ? ಅವನು ಅಂತ ತಿದ್ದು. ಮತ್ತ ಇದರಾಗ ದುಃಖನ ಇಲ್ಲ. ಮನಿಯವರು ಹೊರಗ ಹಾಕಿದ್ದು, ಬೀದ್ಯಾಗ ಅತ್ತಿದ್ದು, ಅಂಥಾವು ಒಂದಿಷ್ಟು ಬರಬೇಕು.”

“ಅಕಿನ್ನ ಯಾರೂ ಹೊರಗ ಹಾಕಿಲ್ರಿ ಸರ್. ಆಗದ್ದನ್ನ ನಾ ಹೆಂಗ ಬರೀಲಿ?”

“ಹಂಗಾದ್ರ ನಾ ಸಹಿ ಮಾಡೂದಿಲ್ಲ.”

“ಬ್ಯಾಡ್ರಿ,” ಎಂದು ಹಾಳೆಗಳನ್ನು ಎತ್ತಿಕೊಂಡು ಹೊರಬಂದೆ. ತಿದ್ದುವ ಮನಸ್ಸು ಒಂದಿಷ್ಟೂ ಇರಲಿಲ್ಲ.

ನೇರ ಕಮತಗಿಗೆ ಹೋಗಿ ನಡೆದದ್ದನ್ನೆಲ್ಲ ಆಕೆಗೆ ಹೇಳಿದೆ. “ನಿಮಗ ತ್ರಾಸ ಆಗ್ತದಂದ್ರ ಈ ಅಧ್ಯಾಯನ ತಗದ ಬಿಡ್ತೇನ್ರಿ ಅಕ್ಕಾ,” ಎಂದೆ.

ಆಕೆ ಮಗ್ಗ ನಿಲ್ಲಿಸಿದಳು. “ಯಾಕ ತಗೀತಿ? ಹಡದವ್ವನ ನನಗ ಮಗಳ ಅಂತ ಕರೀತಾಳ. ಉಳಿದವರನ್ನ ಯಾಕ ಕೇಳೂಣು? ಹೆಂಗ ಐತಿ ಹಂಗ ಇರಲಿ.”

ಬೇರೆ ಮಾರ್ಗದರ್ಶಕರು ಸಿಗುವ ಹೊತ್ತಿಗೆ ವರ್ಷ ಕಳೆಯಿತು. ಜೊತೆಯವರೆಲ್ಲ ನೌಕರಿ ಹಿಡಿದಿದ್ದರು. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರೊಬ್ಬರು ‘ಅವಳು’ ಎಂದೇಕೆ ಬರೆದೆ ಎಂಬ ಅದೇ ಪ್ರಶ್ನೆಯನ್ನು ಮತ್ತೆ ಎತ್ತಿದರು.

“ಅಕಿ ಯಾರನ್ನೂದನ್ನ ಅಕಿನ ಹೇಳ್ಯಾಳ್ರಿ. ಅದನ್ನ ತಿದ್ದಾಕ ನಾ ಯಾರ್ರಿ?” ಎಂದೆ.

ಪದವಿ ಕೊಟ್ಟರು. ಕೊಡದೆ ಇನ್ನೊಂದು ವರ್ಷ ಕಾಯಿಸಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ.