ಅತ್ತಿಗೆ ಅಳೆದ ಒಸಡು

ಮಾವನ ಒಸಡು ಅಷ್ಟು ದಪ್ಪ ಇರಲು ಸಾಧ್ಯವೇ ಇಲ್ಲ ಎಂಬ ಚಿಂತೆ ನನ್ನನ್ನು ಕೊರೆಯುತ್ತಿತ್ತು. ಮಗುವಿಗೆ ಉಣ್ಣಿಸುವಾಗಲೂ ಅದೇ, ಬಟ್ಟೆ ಒಣಹಾಕುವಾಗಲೂ ಅದೇ.

ಅಳೆದವರು ಅತ್ತಿಗೆ, ನನ್ನ ಗಂಡನ ಅಕ್ಕ. ಹಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು, ಸ್ಕ್ಯಾನ್ ಚಿತ್ರಗಳಲ್ಲಿ ರೋಗಿಗಳ ಒಸಡಿನ ದಪ್ಪ ಅಳೆಯುವುದೇ ಅವರ ಕೆಲಸ. ನಿಜವಾದ ಬಾಯಿ ತೆರೆದರೆ ಅವರಿಗೆ ತಲೆ ಸುತ್ತುತ್ತದೆ. ನನ್ನ ಮಗು ಆಕಳಿಸಿದರೂ ಮುಖ ತಿರುಗಿಸುತ್ತಾರೆ. ಚಿತ್ರದಲ್ಲಿ ಮಾತ್ರ ಕೂದಲೆಳೆಯಷ್ಟೂ ಬಿಡುವವರಲ್ಲ. ಮನೆಯ ಆಲ್ಬಮ್ಮಿನಲ್ಲಿ ನೆಂಟರನ್ನು ಒಸಡಿನಿಂದಲೇ ಗುರುತು ಹಿಡಿಯುತ್ತಾರೆ. ಬಾಯಿ ಮುಚ್ಚಿಕೊಂಡು ನಿಂತವರು ಯಾರೋ ಏನೋ.

ಮಾವನಿಗೆ ಮುಂದಿನ ಹಲ್ಲು ಬಿದ್ದಲ್ಲಿ ಸ್ಕ್ರೂ ಹಾಕಿ ಹೊಸ ಹಲ್ಲು ಕೂರಿಸಬೇಕಿತ್ತು. ಒಸಡು ದಪ್ಪವಿದ್ದರೆ ನೇರವಾಗಿ ಸ್ಕ್ರೂ. ತೆಳ್ಳಗಿದ್ದರೆ ಮೊದಲು ಅಂಗುಳಿನಿಂದ ಒಂದು ಚೂರು ಮಾಂಸ ತಂದು ಅಲ್ಲಿಗೆ ಹೊಲಿಯಬೇಕು, ಇಲ್ಲವಾದರೆ ಒಸಡು ಸರಿದು ಲೋಹ ಇಣುಕುತ್ತದೆ.

ಅತ್ತಿಗೆಯ ಲೆಕ್ಕಕ್ಕೆ ಬಂದದ್ದು ನಾಲ್ಕೂವರೆ ಮಿಲಿಮೀಟರ್. ಅಷ್ಟು ದಪ್ಪದ ಒಸಡು ಅವರ ಕೋಣೆಗೆ ಬಂದೇ ಇರಲಿಲ್ಲವಂತೆ. ಅಂದಿನಿಂದ ಮಾವನ ಕಾಲು ನೆಲದ ಮೇಲಿಲ್ಲ. ಹಾಲಿನವನಿಗೂ ಹೇಳಿದರು, ಗ್ಯಾಸಿನವನಿಗೂ ಹೇಳಿದರು. ಅತ್ತೆ ಮಾತ್ರ, "ದಪ್ಪ ಇರೋದು ಒಸಡಲ್ಲ, ಚರ್ಮ" ಎಂದು ಗೊಣಗಿದರು.

ಸ್ಕ್ಯಾನಿಗೆ ಜೊತೆಯಲ್ಲಿ ಹೋದವಳು ನಾನು. ತುಟಿ ಒಸಡಿಗೆ ಅಂಟಿಕೊಂಡರೆ ಚಿತ್ರದಲ್ಲಿ ಎರಡೂ ಒಂದೇ ಬೂದು ಬಣ್ಣ ಎಂದು ಎಕ್ಸ್‌ರೇಯವರು ನಡುವೆ ಹತ್ತಿ ಇಟ್ಟಿದ್ದರು. ಅವರು ಅತ್ತ ತಿರುಗಿದ್ದೇ ತಡ, ಮಾವ ಹತ್ತಿಯನ್ನು ಉಗಿದು ಮುಷ್ಟಿಯಲ್ಲಿ ಮುಚ್ಚಿಕೊಂಡದ್ದು ಗಾಜಿನಾಚೆಯಿಂದ ನನಗೆ ಕಂಡಿತು. ಆಮೇಲೆ ಕೇಳಿದರೆ, ಹತ್ತಿಗೆ ರುಚಿಯೇ ಇರಲಿಲ್ಲ ಎಂದರು.

ಅಳತೆ ತಪ್ಪಿರಬಹುದು ಎಂದು ನಾನು ಅಂದದ್ದಕ್ಕೆ ಮಾವ, "ಅಳೆದಿರೋಳು ನನ್ನ ಮಗಳು ಕಣಮ್ಮ, ಪಕ್ಕದ ಮನೆಯವಳಲ್ಲ" ಎಂದು ಬಾಯಿ ಮುಚ್ಚಿಸಿದರು. ಅಕ್ಕನ ಕೆಲಸದಲ್ಲಿ ಮೂಗು ತೂರಿಸಬೇಡ ಎಂದು ಗಂಡನ ಉಪದೇಶ ಬೇರೆ. ಹೆತ್ತ ಮೇಲೆ ನನಗೆ ಎಲ್ಲಕ್ಕೂ ಗಾಬರಿ ಎಂದು ಮನೆಯಲ್ಲಿ ಆಗಲೇ ತೀರ್ಮಾನವಾಗಿದೆ. ಹೇಳಿದರೆ ಅತ್ತಿಗೆಯ ಹೆಸರಿಗೆ ಮಸಿ. ಸುಮ್ಮನಿದ್ದರೆ ಬೆಳಗಾದರೆ ಸ್ಕ್ರೂ.

ಮಧ್ಯಾಹ್ನ ಮಗು ಮಲಗಿದ ಮೇಲೆ ಅತ್ತಿಗೆಯ ಕೋಣೆಗೇ ಫೋನ್ ಮಾಡಿದೆ.

"ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ನೀವು ಅಳೆದಿರೋದ್ರಲ್ಲಿ ಮಾವನ ತುಟೀನೂ ಸೇರಿದೆ. ಹತ್ತಿ ಉಗಿದುಬಿಟ್ಟಿದ್ರು, ನಾನೇ ನೋಡಿದೆ."

ಆ ಕಡೆಯಿಂದ ಕುರ್ಚಿ ಸರಿದ ಸದ್ದು, ಮೌಸ್ ಒತ್ತಿದ ಸದ್ದು.

"ತುಟಿ ಎಷ್ಟು, ಒಸಡು ಎಷ್ಟು? ಅಂದಾಜು ಹೇಳ್ಬೇಡ."

"ನಂಗೇನು ಗೊತ್ತು ಅತ್ತಿಗೆ?"

"ನಂಗೂ ಗೊತ್ತಿಲ್ಲ ಕಣೇ" ಎಂದರು. ಮೌಸ್ ಮತ್ತೊಮ್ಮೆ ಸದ್ದು ಮಾಡಿತು. "ನಾಳೆ ಸ್ಕ್ರೂ ಬೇಡ, ಇನ್ನೊಂದು ಸ್ಕ್ಯಾನ್ ಆಗ್ಲಿ. ಡಾಕ್ಟ್ರಿಗೆ ನಾನು ಹೇಳ್ತೀನಿ. ಅಪ್ಪಂಗೆ ನೀನು ಹೇಳು."