ಅಕ್ಕಿ ಅಳೆದು ಬೈನರಿ ಕಲಿಸಿದ ಮೇಷ್ಟ್ರು

"ಡಿಗ್ರಿ ಮಾಡಿದ್ದೇ ಹೆಚ್ಚಾಯ್ತು, ಇನ್ನು ಕಂಪ್ಯೂಟರ್ ಬೇರೆ! ನಮ್ಮನೆ ತಲೆಗಳಿಗೆ ಅದು ಹತ್ತೋದಲ್ಲ ಮಾರಾಯ್ತಿ" ಎಂದವರು ನನ್ನ ದೊಡ್ಡಪ್ಪ. ನಮ್ಮ ಮನೆತನದಲ್ಲಿ ಬಿ.ಕಾಂ. ಮುಗಿಸಿದ ಮೊದಲನೆಯವಳು ನಾನು. ಸಾಗರದಲ್ಲಿ ಕಂಪ್ಯೂಟರ್ ಕಲಿಯಲು ಸೇರಿದಾಗ, ನಪಾಸಾದರೆ ಮತ್ತೆ ನಮ್ಮೂರು ತುಮರಿಯಿಂದ ಹಿನ್ನೀರು ದಾಟಿಸುವ ಲಾಂಚು ಹತ್ತುವಂತಿಲ್ಲ ಎಂದು ಅಪ್ಪನಿಂದಲೂ ಹೇಳಿಸಿದ್ದರು.

ಎಂಬತ್ತರ ದಶಕದ ಕೊನೆಯ ಮಾತು. ಸಾಗರದ ಆ ತರಗತಿಯಲ್ಲಿದ್ದದ್ದು ಒಂದೇ ಕಂಪ್ಯೂಟರ್. ಅದನ್ನು ಮುಟ್ಟಿಸುವ ಮೊದಲು ಮೇಷ್ಟ್ರು ಮೇಜಿನ ಮೇಲೆ ಅಚ್ಚೇರು, ಪಾವು, ಅರೆಪಾವು, ಚಟಾಕುಗಳನ್ನು ಸಾಲಾಗಿ ಇಟ್ಟರು. ಚಟಾಕಿನ ಲೆಕ್ಕದಲ್ಲಿ ಎಂಟು, ನಾಲ್ಕು, ಎರಡು, ಒಂದು. "ತುಂಬಿದ್ದಕ್ಕೆ ಒಂದು, ಖಾಲಿಗೆ ಸೊನ್ನೆ. ಖಾಲಿ ಇದ್ರೂ ಜಾಗ ಬಿಡ್ಬೇಡಿ" ಎಂದು ಪ್ರತಿ ಪಾತ್ರೆಯನ್ನೂ ಉಗುರಿನಿಂದ ತಟ್ಟುತ್ತಿದ್ದರು. ದಿನಕ್ಕೆ ಹತ್ತು ಸಲ ಅದೇ ಮಾತು.

ಹದಿಮೂರನ್ನು ಹಾಗೆ ಒಂದು-ಸೊನ್ನೆಗಳಲ್ಲಿ ಬರೆಯಲು ಹೇಳಿದಾಗ ನಾನು 111 ಎಂದು ಬರೆದೆ. ಅಚ್ಚೇರು, ಪಾವು, ಚಟಾಕು ಬಂದಿದ್ದವು. ಬೇಡವಾದ ಅರೆಪಾವನ್ನು ಬಿಟ್ಟಿದ್ದೆ. ಅಕ್ಕಿ ಅಳೆಯುವಾಗ ಬಳಸದ ಪಾತ್ರೆಯ ಹೆಸರನ್ನು ಯಾರು ಹೇಳುತ್ತಾರೆ?

ಮೇಷ್ಟ್ರು ಬೈಯಲಿಲ್ಲ. ನಾನು ಬರೆದ ಮೂರು ಅಂಕೆಗಳಂತೆಯೇ, ಬಲಗಡೆಯಿಂದ ಎಣಿಸಿ ಚಟಾಕು, ಅರೆಪಾವು, ಪಾವುಗಳಿಗೆ ಅಕ್ಕಿ ತುಂಬಿ ಮೊರಕ್ಕೆ ಸುರಿದರು.

"ಏಳೇ ಚಟಾಕು ಆಯ್ತಲ್ಲ ತಂಗಿ. ಉಳಿದ ಆರನ್ನ ಯಾರು ತಿಂದ್ರು?"

ತರಗತಿಯೇ ನಕ್ಕಿತು. ನಾನು ಸೊನ್ನೆ ಸೇರಿಸಿ 1101 ಎಂದು ತಿದ್ದಿದೆ.

"ಹಾಂ, ಈಗ ಊಟಕ್ಕೆ ಕೂರ್ಬಹುದು" ಎಂದರು.

ಪರೀಕ್ಷೆಯಲ್ಲಿ ಅಂಥ ಒಂದು ಲೆಕ್ಕವೂ ನನಗೆ ತಪ್ಪಲಿಲ್ಲ. ಸರ್ಟಿಫಿಕೇಟಿನ ದಿನ ದೊಡ್ಡಪ್ಪ ತಾವೇ ನೋಡಬೇಕೆಂದು ಜೊತೆಗೆ ಬಂದರು. ಮೇಷ್ಟ್ರು ಸೀಮೆಸುಣ್ಣದ ಕೈಯನ್ನು ಪಂಚೆಗೆ ಒರೆಸಿಕೊಂಡು, ಎದ್ದು ನಿಂತು, ಎರಡೂ ಕೈಯಲ್ಲಿ ಅದನ್ನು ನನಗೆ ಕೊಟ್ಟರು. ದೊಡ್ಡಪ್ಪ ಇಸಿದುಕೊಂಡು, ದೂರ ಹಿಡಿದು, ನನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದರು.

"ಮೇಷ್ಟ್ರೇ, ನಮ್ಮನೇಲಿ ಇನ್ನೊಬ್ಳಿದ್ದಾಳೆ, ನನ್ನ ಮಗಳು. ಸೋಮವಾರದಿಂದ ಕಳಿಸ್ಲಾ?"